ಇನ್ನೂ ಹುಟ್ಟದ ರೋಗಿಯ ಪಾಲು

ದಾನ ಎಂದ ಕೂಡಲೇ ನಮ್ಮ ಕಣ್ಣೆದುರು ಬರುವುದು ಚಾಚಿದ ಒಂದು ಕೈ. ಆ ಕೈಗೆ ಒಂದು ಮುಖವಿದೆ, ಮುಖಕ್ಕೆ ಹೆಸರಿದೆ, ಹೆಸರಿನ ಹಿಂದೆ ಒಂದು ಮನೆಯಿದೆ. ರಮಝಾನ್ ಬಂತೆಂದರೆ ನಮ್ಮ ಬಾಗಲೂರಿನಂಥ ಊರುಗಳಲ್ಲೂ ಆಸ್ಪತ್ರೆಯ ಬಿಲ್ಲು ಹಿಡಿದು ಮಸೀದಿಯ ಬಾಗಿಲಲ್ಲಿ ನಿಲ್ಲುವವರು ಕಾಣಸಿಗುತ್ತಾರೆ. ಒಬ್ಬರಿಗೆ ವಾರಕ್ಕೆರಡು ಡಯಾಲಿಸಿಸ್, ಇನ್ನೊಬ್ಬರ ಮಗುವಿಗೆ ಹೃದಯದ ಆಪರೇಷನ್, ಮತ್ತೊಬ್ಬರ ಗಂಡನಿಗೆ ಬಾಯಿ ಕ್ಯಾನ್ಸರ್. ನಮ್ಮ ಕೈ ತಾನಾಗಿಯೇ ಜೇಬಿಗೆ ಹೋಗುತ್ತದೆ. ಕೊಟ್ಟದ್ದು ಎಲ್ಲಿಗೆ ಹೋಯಿತು, ಏನಾಯಿತು ಎಂಬುದನ್ನು ಕೊಟ್ಟವರು ಕಣ್ಣಾರೆ ನೋಡಬಹುದು.

ಜಗತ್ತಿನಲ್ಲಿ ಇನ್ನೊಂದು ಬಗೆಯ ದಾನವೂ ಇದೆ. ಅದಕ್ಕೆ ಚಾಚಿದ ಕೈ ಇಲ್ಲ, ಮುಖವಿಲ್ಲ, ಹೆಸರೂ ಇಲ್ಲ. ಅದು ಹೋಗುವುದು ಒಂದು ಪ್ರಯೋಗಾಲಯಕ್ಕೆ. ಅಲ್ಲಿ ಯಾರೋ ಐದು ವರ್ಷ ಒಂದು ಪ್ರೋಟೀನಿನ ಹಿಂದೆಯೋ ಒಂದು ರೋಗಾಣುವಿನ ಹಿಂದೆಯೋ ಬೀಳುತ್ತಾರೆ. ಕೊನೆಗೆ ಕೈಗೆ ಬರುವುದು ಔಷಧವಲ್ಲ. ಹೆಚ್ಚಿನ ಸಲ ಪತ್ರಿಕೆಯೊಂದರಲ್ಲಿ ಅಚ್ಚಾದ ಒಂದು ಪ್ರಬಂಧ, ಕೆಲವು ಸಲ ಅದೂ ಇಲ್ಲ. ಆ ಹಣದಿಂದ ಯಾರಾದರೂ ಬದುಕಿದರೆ ಆ ಮನುಷ್ಯ ಇನ್ನೂ ಹುಟ್ಟಿರಲಾರ. ಹಾಗಿರುವಾಗ, ಇಂದು ನಮ್ಮ ಬಾಗಿಲಲ್ಲಿ ನರಳುತ್ತಿರುವವನನ್ನು ನಿಲ್ಲಿಸಿಕೊಂಡು, ಐವತ್ತು ವರ್ಷಗಳ ನಂತರ ಎಲ್ಲೋ ನರಳಲಿರುವವನಿಗಾಗಿ ಹಣ ಎತ್ತಿಡುವುದು ನ್ಯಾಯವೇ? ಇದು ಕೇವಲ ಲೆಕ್ಕಾಚಾರದ ಪ್ರಶ್ನೆಯಲ್ಲ, ನೀತಿಯ ಪ್ರಶ್ನೆ.

ಬಾಗಲೂರಿನಲ್ಲಿ ಕುಳಿತು ಈ ಪ್ರಶ್ನೆ ಕೇಳುವುದಕ್ಕೆ ಒಂದು ಕಾರಣವಿದೆ. ಇಲ್ಲಿಂದ ಯಲಹಂಕ ದಾಟಿ ಹೆಬ್ಬಾಳದವರೆಗಿನ ದಾರಿಯಲ್ಲಿ ದೇಶದ ಹೆಸರಾಂತ ಸಂಶೋಧನಾ ಸಂಸ್ಥೆಗಳು ಸಾಲಾಗಿ ನಿಂತಿವೆ. ಜಕ್ಕೂರಿನಲ್ಲಿ 1989ರಲ್ಲಿ ಆರಂಭವಾದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ. ಜಿಕೆವಿಕೆ ಆವರಣದಲ್ಲಿ ಎನ್‌ಸಿಬಿಎಸ್ ಎಂದೇ ಎಲ್ಲರೂ ಕರೆಯುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅದರ ಪಕ್ಕದಲ್ಲಿ ಕಾಂಡಕೋಶಗಳ ಸಂಶೋಧನೆಗಾಗಿ 2009ರಲ್ಲಿ ಹುಟ್ಟಿದ ಇನ್‌ಸ್ಟೆಮ್. ಹೆಬ್ಬಾಳದಲ್ಲಿ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ. ಇದೇ ದಾರಿಯ ಇಕ್ಕೆಲಗಳಲ್ಲಿ ಯಲಹಂಕದ ಸರ್ಕಾರಿ ಆಸ್ಪತ್ರೆಯ ಹೊರರೋಗಿ ಸಾಲು ಕೂಡ ಇದೆ, ನಗರದ ಕಸ ತುಂಬಿಸಿಕೊಂಡ ಬೆಳ್ಳಹಳ್ಳಿ ಮತ್ತು ಮಿಟ್ಟಗಾನಹಳ್ಳಿಯ ಹಳೆಯ ಕಲ್ಲು ಕ್ವಾರಿಗಳೂ ಇವೆ. ಒಂದೇ ಬಸ್ಸಿನ ದಾರಿ. ಆದರೆ ಪ್ರಯೋಗಾಲಯದ ಗೇಟಿನ ಒಳಗಿರುವವರಿಗೂ ಆಸ್ಪತ್ರೆಯ ಸಾಲಿನಲ್ಲಿ ನಿಂತವರಿಗೂ ಪರಸ್ಪರ ಪರಿಚಯವಿಲ್ಲ.

ಈ ಪ್ರಯೋಗಾಲಯಗಳು ಬಹುಮಟ್ಟಿಗೆ ಸರ್ಕಾರದ ಹಣದಿಂದಲೇ ನಡೆಯುತ್ತವೆ. ಜೊತೆಗೆ ದತ್ತಿ ಸಂಸ್ಥೆಗಳ ಹಣವೂ ಬರುತ್ತದೆ. ಅವುಗಳಲ್ಲಿ ಮುಖ್ಯವಾದದ್ದು ಹೈದರಾಬಾದಿನಲ್ಲಿ ಕಚೇರಿಯಿರುವ ‘ಇಂಡಿಯಾ ಅಲಯನ್ಸ್’. ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಲಂಡನ್ನಿನ ವೆಲ್‌ಕಮ್ ಟ್ರಸ್ಟ್ ಸೇರಿ 2008ರಲ್ಲಿ ಹುಟ್ಟುಹಾಕಿದ ಸಾರ್ವಜನಿಕ ದತ್ತಿ ಇದು. ಮೊದಲ ಹತ್ತು ವರ್ಷ ಇಬ್ಬರದೂ ಸಮಪಾಲು, ತಲಾ 8 ಕೋಟಿ ಪೌಂಡ್. ಆಮೇಲೆ ಭಾರತದ ಪಾಲು ಹೆಚ್ಚಿತು. 2025ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟ ಮೂರನೆಯ ಹಂತದ ಮೊತ್ತ 1,500 ಕೋಟಿ ರೂಪಾಯಿ. ಇದರಲ್ಲಿ 1,000 ಕೋಟಿ ನಮ್ಮ ಸರ್ಕಾರದ್ದು, 500 ಕೋಟಿ ವೆಲ್‌ಕಮ್‌ನದ್ದು. ಅಂದರೆ ಇದು ಬರೀ ಪರದೇಶದ ದಾನಿಯ ಔದಾರ್ಯವಲ್ಲ. ಬೆಂಕಿಪೊಟ್ಟಣ ಕೊಂಡವನ ತೆರಿಗೆಯೂ ಇದರಲ್ಲಿ ಸೇರಿದೆ.

ಇಂಥ ಸಂಸ್ಥೆಯ ಒಂದು ವರ್ಷ ಹೇಗೆ ಕಳೆಯುತ್ತದೆ? ಹೊರಗಿನಿಂದ ನೋಡಿದರೆ ಸಪ್ಪೆಯೆನಿಸುತ್ತದೆ. ಅರ್ಜಿ ಕರೆಯುತ್ತಾರೆ. ಸಂಶೋಧಕರು ತಮ್ಮ ಪ್ರಶ್ನೆ ಏನು, ಅದನ್ನು ಹೇಗೆ ಬಿಡಿಸುತ್ತೇವೆ, ಎಷ್ಟು ಹಣ ಬೇಕು ಎಂದು ಬರೆಯುತ್ತಾರೆ. ಮೊದಲ ಜರಡಿಯಲ್ಲಿ ಉಳಿದವುಗಳನ್ನು ಅದೇ ವಿಷಯ ಬಲ್ಲ ಬೇರೆ ವಿಜ್ಞಾನಿಗಳಿಗೆ, ಅನೇಕ ವೇಳೆ ಹೊರದೇಶದವರಿಗೆ, ಅಭಿಪ್ರಾಯಕ್ಕಾಗಿ ಕಳುಹಿಸುತ್ತಾರೆ. ನಂತರ ಸಮಿತಿಯ ಮುಂದೆ ಸಂದರ್ಶನ. ಆಯ್ಕೆಯಾದವರಿಗೆ ಸಾಮಾನ್ಯವಾಗಿ ಐದು ವರ್ಷಗಳ ಫೆಲೋಶಿಪ್. ಆಮೇಲೆ ವರದಿ, ಲೆಕ್ಕಪತ್ರ, ಆಡಿಟ್. ವರ್ಷ ಮುಗಿಯಿತು. ಆ ವರ್ಷದಲ್ಲಿ ಒಬ್ಬ ರೋಗಿಯೂ ಗುಣವಾಗಿಲ್ಲ! ವಾರ್ಷಿಕ ವರದಿಯ ಹೊಳೆಯುವ ಪುಟಗಳಲ್ಲಿ ನಗುಮುಖದ ವಿಜ್ಞಾನಿಗಳಿದ್ದಾರೆಯೇ ವಿನಾ ಬದುಕಿ ಮನೆಗೆ ಹೋದ ರೋಗಿಯ ಫೋಟೋ ಇರುವುದಿಲ್ಲ, ಇರಲು ಸಾಧ್ಯವೂ ಇಲ್ಲ.

ನಮ್ಮ ಝಕಾತ್‌ಗೂ ಒಂದು ವರ್ಷವಿದೆ. ನಿಗದಿತ ಪ್ರಮಾಣದ ಸಂಪತ್ತು ಒಂದು ಚಾಂದ್ರಮಾನ ವರ್ಷ ಕೈಯಲ್ಲಿ ಉಳಿದರೆ ಅದರ ನೂರಕ್ಕೆ ಎರಡೂವರೆ ಪಾಲು ಹಕ್ಕುದಾರರಿಗೆ ಸಲ್ಲಬೇಕು. ಹಕ್ಕುದಾರರು ಯಾರೆಂಬುದನ್ನು ಕುರ್‌ಆನಿನ ಅತ್ತೌಬ ಅಧ್ಯಾಯ ಎಂಟು ವರ್ಗಗಳಲ್ಲಿ ಹೇಳಿದೆ. ಬಡವರು ಮತ್ತು ನಿರ್ಗತಿಕರು ಮೊದಲು ಬರುತ್ತಾರೆ. ಹನಫೀ ವಿದ್ವಾಂಸರಂತೂ ಝಕಾತಿನ ಹಣ ಒಬ್ಬ ಹಕ್ಕುದಾರನ ಕೈಗೆ ಸೇರಿ ಅವನ ಸ್ವಂತದ್ದಾಗಬೇಕು, ಆಗಲೇ ಅದು ಸಂದಾಯವಾದಂತೆ ಎನ್ನುತ್ತಾರೆ. ‘ಅಲ್ಲಾಹನ ಮಾರ್ಗದಲ್ಲಿ’ ಎಂಬ ವರ್ಗವನ್ನು ವಿಶಾಲವಾಗಿ ಅರ್ಥೈಸುವ ಆಧುನಿಕ ವಿದ್ವಾಂಸರೂ ಇದ್ದಾರೆ. ಆ ಚರ್ಚೆ ವಿದ್ವಾಂಸರಿಗಿರಲಿ. ಆದರೆ ಈ ನಿಯಮದ ಹಿಂದಿನ ನೈತಿಕ ದೃಷ್ಟಿ ನಮಗೆ ಸ್ಪಷ್ಟವಾಗಿ ಕಾಣುತ್ತದೆ. ಹಸಿದವನ ಹಣವನ್ನು ಕಲ್ಪನೆಯ ಮನುಷ್ಯನಿಗಾಗಿ ತಡೆಹಿಡಿಯುವ ಹಕ್ಕು ಯಾರಿಗೂ ಇಲ್ಲ. ‘ಮುಂದೆ ಕೋಟ್ಯಂತರ ಜನರಿಗೆ ಒಳಿತಾಗುತ್ತದೆ’ ಎಂಬ ಮಾತು ಎಷ್ಟು ಸಲ ಇಂದಿನ ಬಡವನನ್ನು ಎಬ್ಬಿಸಿ ಕಳುಹಿಸಲು ಬಳಕೆಯಾಗಿಲ್ಲ? ಬಾಗಲೂರಿನ ಸುತ್ತ ದ್ರಾಕ್ಷಿ, ಗುಲಾಬಿ ಬೆಳೆಯುತ್ತಿದ್ದ ಹೊಲಗಳನ್ನು ಕೈಗಾರಿಕೆಗೆ ಬಿಟ್ಟುಕೊಟ್ಟ ರೈತರನ್ನು ಕೇಳಿ, ‘ಮುಂದಿನ ಪೀಳಿಗೆ’ ಎಂಬ ಮಾತಿನ ಬೆಲೆ ಅವರಿಗೆ ಚೆನ್ನಾಗಿ ಗೊತ್ತು.

ಇಷ್ಟು ಹೇಳಿ ಚರ್ಚೆ ಮುಗಿಸಬಹುದಿತ್ತು. ಆದರೆ ಮೈಸೂರು ಸಂಸ್ಥಾನದೊಡನೆ ನಂಟಿದ್ದ ಒಬ್ಬ ಹೆಣ್ಣುಮಗಳ ಕಥೆ ನಮ್ಮನ್ನು ತಡೆಯುತ್ತದೆ.

ಹಾರ್ಮಸ್‌ಜೀ ಭಾಭಾ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿದ್ದವರು. ಅಣುವಿಜ್ಞಾನಿ ಹೋಮಿ ಭಾಭಾ ಅವರ ಮೊಮ್ಮಗ. ಅವರ ಮಗಳು ಮೆಹರ್‌ಬಾಯಿ ಬೆಂಗಳೂರು, ಮೈಸೂರುಗಳಲ್ಲಿ ಬೆಳೆದು, 1898ರಲ್ಲಿ ಜಮ್‌ಶೆಟ್‌ಜಿ ಟಾಟಾರ ಹಿರಿಯ ಮಗ ದೊರಾಬ್‌ಜಿಯವರನ್ನು ಮದುವೆಯಾದರು. ಬಾಲ್ಯವಿವಾಹ ತಡೆ, ಹೆಣ್ಣುಮಕ್ಕಳ ವಿದ್ಯಾಭ್ಯಾಸಗಳಿಗಾಗಿ ದನಿಯೆತ್ತಿದವರು. 1931ರಲ್ಲಿ ರಕ್ತದ ಕ್ಯಾನ್ಸರ್ ಅವರನ್ನು ಕೊಂಡೊಯ್ದಿತು. ಮಕ್ಕಳಿಲ್ಲದ ದೊರಾಬ್‌ಜಿ 1932ರಲ್ಲಿ ಹೆಂಡತಿಯ ಹೆಸರಿನಲ್ಲಿ ಲೇಡಿ ಟಾಟಾ ಸ್ಮಾರಕ ಟ್ರಸ್ಟ್ ಸ್ಥಾಪಿಸಿದರು. ಅದರ ಆದಾಯದ ಐದರಲ್ಲಿ ನಾಲ್ಕು ಪಾಲು ಜಗತ್ತಿನ ಯಾವುದೇ ದೇಶದಲ್ಲಿ ರಕ್ತದ ಕ್ಯಾನ್ಸರಿನ ಮೇಲೆ ಸಂಶೋಧನೆ ಮಾಡುವವರಿಗೆ, ಉಳಿದ ಒಂದು ಪಾಲು ರೋಗಸಂಕಟ ನಿವಾರಣೆಗಾಗಿ ದುಡಿಯುವ ಭಾರತದ ವಿಜ್ಞಾನಿಗಳಿಗೆ. ಅದೇ ವರ್ಷದ ಜೂನ್ ತಿಂಗಳಲ್ಲಿ ದೊರಾಬ್‌ಜಿಯೂ ತೀರಿಕೊಂಡರು. ಟ್ರಸ್ಟ್ ಇಂದಿಗೂ ಪ್ರತಿ ವರ್ಷ ಸಂಶೋಧಕರಿಗೆ ಹಣ ಕೊಡುತ್ತಿದೆ.

ಆ ಕಾಲದ ಭಾರತವನ್ನು ಸ್ವಲ್ಪ ನೆನೆಯೋಣ. ಸ್ವಾತಂತ್ರ್ಯ ಬರುವ ಹೊತ್ತಿಗೆ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯಾ ತಗಲುತ್ತಿತ್ತು, ಸುಮಾರು 8 ಲಕ್ಷ ಜನ ಸಾಯುತ್ತಿದ್ದರು ಎಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. 1932ರಲ್ಲಿ ಸ್ಥಿತಿ ಇದಕ್ಕಿಂತ ಒಳ್ಳೆಯದೇನೂ ಇರಲಿಲ್ಲ. ಕ್ವಿನೈನ್ ಗೊತ್ತಿತ್ತು, ಆದರೆ ಬಡವರ ಕೈಗೆ ಸಿಗುತ್ತಿರಲಿಲ್ಲ. ಅಂಥ ದೇಶದ ಸಿರಿವಂತನೊಬ್ಬ ಆ ಟ್ರಸ್ಟಿನ ಆದಾಯದ ದೊಡ್ಡ ಪಾಲನ್ನು, ಯಾವ ಚಿಕಿತ್ಸೆಯೂ ಇಲ್ಲದ, ಹೋಲಿಕೆಯಲ್ಲಿ ಅಪರೂಪದ ಒಂದು ಕಾಯಿಲೆಗೆ, ಅದೂ ಬಹುಪಾಲು ಯೂರೋಪಿನ ಪ್ರಯೋಗಾಲಯಗಳಿಗೆ ಕೊಟ್ಟ. ಕಾರಣ? ತನ್ನ ಹೆಂಡತಿ ಆ ಕಾಯಿಲೆಯಿಂದ ಸತ್ತಳು. ತಕ್ಕಡಿ ಹಿಡಿದು ತೂಗುವ ನೀತಿಶಾಸ್ತ್ರಜ್ಞನಿಗೆ ಇದು ತಪ್ಪೆಂದೇ ತೋರಬೇಕು. ಆ ಹಣಕ್ಕೆ ಎಷ್ಟು ಕ್ವಿನೈನ್ ಬರುತ್ತಿತ್ತು!

ಆದರೆ ನಂತರ ನಡೆದದ್ದೇನು? 1947-48ರಲ್ಲಿ ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರ್ ಆಗಿದ್ದ 16 ಮಕ್ಕಳಿಗೆ ಅಮಿನೋಪ್ಟೆರಿನ್ ಎಂಬ ಮದ್ದು ಕೊಟ್ಟರು. 10 ಮಕ್ಕಳಲ್ಲಿ ಕಾಯಿಲೆ ಸ್ವಲ್ಪ ಕಾಲ ಹಿಮ್ಮೆಟ್ಟಿತು. ಆಮೇಲೆ ಅದು ಮರಳಿ ಬಂತು, ಮಕ್ಕಳು ಉಳಿಯಲಿಲ್ಲ. ಆದರೂ ರಕ್ತದ ಕ್ಯಾನ್ಸರನ್ನು ಔಷಧದಿಂದ ಅಲುಗಾಡಿಸಬಹುದು ಎಂದು ಜಗತ್ತಿಗೆ ಗೊತ್ತಾದದ್ದು ಅಂದೇ. ಆ ಮದ್ದನ್ನು ತಯಾರಿಸಿದ್ದು ಅಮೆರಿಕದ ಲೆಡರ್ಲಿ ಕಂಪೆನಿಯ ಪ್ರಯೋಗಾಲಯದಲ್ಲಿ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ. ಆಂಧ್ರದ ಈ ಹುಡುಗ 1920ರ ದಶಕದ ಆರಂಭದಲ್ಲಿ ಹಡಗು ಹತ್ತಿದ್ದು ಕಾಕಿನಾಡದ ಒಂದು ಧರ್ಮಸಂಸ್ಥೆಯ ಭರವಸೆ ಮತ್ತು ಹೆಣ್ಣು ಕೊಟ್ಟ ಮಾವನ ಹಣದಿಂದ. ಆ ಧರ್ಮಸಂಸ್ಥೆಯವರಿಗೆ ಕ್ಯಾನ್ಸರ್ ಮನಸ್ಸಿನಲ್ಲೇ ಇರಲಿಲ್ಲ. ಓದುವ ಹುಡುಗನೊಬ್ಬನಿಗೆ ನೆರವಾಗಲು ಮುಂದೆ ಬಂದರು, ಅಷ್ಟೇ. ಅಮಿನೋಪ್ಟೆರಿನ್‌ನ ಸೋದರ ಔಷಧವಾದ ಮೆಥೊಟ್ರೆಕ್ಸೇಟ್ ಇಂದು ಮಕ್ಕಳ ರಕ್ತದ ಕ್ಯಾನ್ಸರ್ ಚಿಕಿತ್ಸೆಯ ಮುಖ್ಯ ಔಷಧಗಳಲ್ಲೊಂದು. ಒಳ್ಳೆಯ ಚಿಕಿತ್ಸೆ ಸಿಕ್ಕರೆ ಆ ಕಾಯಿಲೆಯ ಮುಖ್ಯ ಬಗೆಯಲ್ಲಿ ಹತ್ತರಲ್ಲಿ ಎಂಟು-ಒಂಬತ್ತು ಮಕ್ಕಳು ಬದುಕುತ್ತಾರೆ. ರಫಿ ಅಹ್ಮದ್ ಕಿದ್ವಾಯಿಯವರ ಹೆಸರು ಹೊತ್ತ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕುಳಿತ ತಾಯಿಗೆ ಈ ಯಾರ ಹೆಸರೂ ಗೊತ್ತಿಲ್ಲ. ಗೊತ್ತಿರಬೇಕಾಗಿಯೂ ಇಲ್ಲ.

ಇಲ್ಲಿ ದೊರಾಬ್‌ಜಿಯ ಯಾವ ರೂಪಾಯಿ ಯಾವ ಮಗುವನ್ನು ಉಳಿಸಿತು ಎಂದು ಯಾರೂ ತೋರಿಸಲಾರರು. ಸಂಶೋಧನೆಯ ಹಣದ ಸ್ವಭಾವವೇ ಹಾಗೆ. ಅದು ಕೆರೆಗೆ ಬಿದ್ದ ಮಳೆಹನಿಯಂತೆ. ತೂಬಿನಲ್ಲಿ ಹರಿಯುವ ನೀರಿನಲ್ಲಿ ಯಾವ ಹನಿ ಯಾವ ಮೋಡದ್ದು ಎಂದು ಕೇಳಲಾಗದು. ಆದರೆ ಒಂದು ಮಾತು ಸ್ಪಷ್ಟ. ಇಂದು ನಮ್ಮ ಬಾಗಿಲಿಗೆ ಬರುವ ರೋಗಿಗೆ ನಾವು ಕೊಡುವ ಹಣದಿಂದ ಕೊಳ್ಳುವ ಪ್ರತಿಯೊಂದು ಗುಳಿಗೆಯೂ ಹಿಂದೆ ಯಾರೋ ‘ಇನ್ನೂ ಹುಟ್ಟದ ರೋಗಿ’ಗಾಗಿ ಎತ್ತಿಟ್ಟ ಪಾಲಿನಿಂದ ಬಂದದ್ದು. ನಾವೇ ಆ ಹುಟ್ಟದ ರೋಗಿಗಳಾಗಿದ್ದೆವು. 1932ರವರು ಎಲ್ಲ ಹಣವನ್ನೂ ಕ್ವಿನೈನಿಗೆ ಸುರಿದಿದ್ದರೆ ನಮ್ಮ ಕೈಯಲ್ಲೂ ಕ್ವಿನೈನ್ ಮಾತ್ರ ಇರುತ್ತಿತ್ತು. ದೇವನಹಳ್ಳಿಯ ಬಳಿಯ ನಲ್ಲೂರಿನ ಹುಣಸೆ ತೋಪನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಆ ಮರಗಳನ್ನು ನೆಟ್ಟವರಾರೂ ಆ ನೆರಳಲ್ಲಿ ಕೂರಲಿಲ್ಲ.

ಹಾಗಾದರೆ ನಮ್ಮ ತೀರ್ಮಾನವೇನು? ಹುಟ್ಟದ ರೋಗಿಗೂ ಪಾಲಿದೆ ಎಂದೇ ನಾವು ಹೇಳುತ್ತೇವೆ. ಆದರೆ ಆ ಪಾಲನ್ನು ಹಸಿದವನ ತಟ್ಟೆಯಿಂದ ತೆಗೆಯಬಾರದು. ಅದಕ್ಕೆ ಬೇರೆ ಪಾತ್ರೆ ಬೇಕು. ಇಸ್ಲಾಮಿನ ಇತಿಹಾಸದಲ್ಲಿ ಆ ಪಾತ್ರೆಯ ಹೆಸರು ವಕ್ಫ್. ಝಕಾತ್ ವರ್ಷದೊಳಗೆ ಕೈ ಬದಲಾಗಬೇಕಾದರೆ, ವಕ್ಫ್‌ನ ಮೂಲಧನ ಕರಗಬಾರದು, ಅದರ ಫಲ ಮಾತ್ರ ಹಂಚಿಕೆಯಾಗಬೇಕು. ಒಂದು ಇಂದಿನದು, ಇನ್ನೊಂದು ನಾಳೆಯದು. ಮನುಷ್ಯ ಸತ್ತ ಮೇಲೂ ನಿಲ್ಲದ ಪುಣ್ಯಗಳನ್ನು ಹೇಳುವಾಗ ಪ್ರವಾದಿವರ್ಯರು(ಸ) ಹರಿಯುತ್ತಲೇ ಇರುವ ದಾನವನ್ನೂ ಜನರಿಗೆ ಉಪಯೋಗವಾಗುವ ಜ್ಞಾನವನ್ನೂ ಒಟ್ಟಿಗೆ ಹೇಳಿದ್ದಾರೆಂಬುದು ಓದುಗರಿಗೆ ಗೊತ್ತಿರುವುದೇ. ಕೈರೋದಲ್ಲಿ 1284ರಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಮನ್ಸೂರಿ ಆಸ್ಪತ್ರೆ ನಡೆದದ್ದು ವಕ್ಫ್ ಆಸ್ತಿಗಳ ಆದಾಯದಿಂದ. ರಕ್ತವು ಹೃದಯದ ಬಲಭಾಗದಿಂದ ಶ್ವಾಸಕೋಶದ ಮೂಲಕ ಎಡಭಾಗಕ್ಕೆ ಬರುತ್ತದೆ ಎಂದು ಯೂರೋಪಿಗಿಂತ ಶತಮಾನಗಳ ಮೊದಲೇ ಬರೆದಿಟ್ಟ ಇಬ್ನುನ್ನಫೀಸ್ 1288ರಲ್ಲಿ ತೀರಿಕೊಂಡಾಗ ತನ್ನ ಮನೆ ಮತ್ತು ಗ್ರಂಥಗಳನ್ನು ಆ ಆಸ್ಪತ್ರೆಗೇ ಬಿಟ್ಟುಹೋದರು. ಅವರ ಆ ಬರಹ 1924ರಲ್ಲಿ ಬರ್ಲಿನ್ನಿನ ಗ್ರಂಥಾಲಯದಲ್ಲಿ ಈಜಿಪ್ಟಿನ ಯುವ ವೈದ್ಯರೊಬ್ಬರ ಕಣ್ಣಿಗೆ ಬೀಳುವವರೆಗೆ ಲೋಕಕ್ಕೆ ಮರೆತೇಹೋಗಿತ್ತು. ‘ನಮ್ಮವರು ಮೊದಲೇ ಕಂಡುಹಿಡಿದಿದ್ದರು’ ಎಂದು ಎದೆ ತಟ್ಟಿಕೊಳ್ಳುವ ಮುನ್ನ ಈ ಕಥೆಯ ಎರಡನೆಯ ಅರ್ಧವನ್ನೂ ಓದಬೇಕು. ಮುಂದುವರಿಸುವವರಿಲ್ಲದೆ ಹೋದರೆ ಸತ್ಯವೂ ಕಪಾಟಿನಲ್ಲಿ ಧೂಳು ತಿನ್ನುತ್ತದೆ.

ದೂರದ ಕೈರೋ ಬೇಡ, ದೆಹಲಿಯನ್ನೇ ನೋಡಿ. ಹಕೀಮ್ ಅಜ್ಮಲ್ ಖಾನ್ ತಮ್ಮ ತಿಬ್ಬಿಯಾ ಕಾಲೇಜಿನಲ್ಲಿ ಯುನಾನಿ ಮೂಲಿಕೆಗಳನ್ನು ಆಧುನಿಕ ರಸಾಯನಶಾಸ್ತ್ರದ ಒರೆಗೆ ಹಚ್ಚಬೇಕೆಂದು ಬಯಸಿ, ಜರ್ಮನಿಯಲ್ಲಿ ಓದಿ ಬಂದ ಸಲೀಮುಝ್ಝಮಾನ್ ಸಿದ್ದೀಕಿಯವರನ್ನು ಕರೆಸಿದರು. 1927ರ ಕೊನೆಯಲ್ಲಿ ಹಕೀಮರು ತೀರಿಕೊಂಡರು. 1931ರಲ್ಲಿ ಸಿದ್ದೀಕಿ ನಮ್ಮ ಮಲೆನಾಡಿನಲ್ಲೂ ಬೆಳೆಯುವ ಸರ್ಪಗಂಧದ ಬೇರಿನಿಂದ ಒಂದು ವಸ್ತುವನ್ನು ಬೇರ್ಪಡಿಸಿ, ತಮ್ಮನ್ನು ಕರೆಸಿದವರ ನೆನಪಿಗೆ ಅದನ್ನು ‘ಅಜ್ಮಲೀನ್’ ಎಂದು ಕರೆದರು. 1992ರಲ್ಲಿ ಬ್ರುಗಾಡ ಸಹೋದರರು ನಿದ್ದೆಯಲ್ಲೇ ಹೃದಯ ನಿಲ್ಲಿಸಬಲ್ಲ ಒಂದು ದೋಷವನ್ನು ವಿವರಿಸಿದರು. ಇಸಿಜಿಯಲ್ಲಿ ಅಡಗಿಕೊಂಡಿರುವ ಆ ದೋಷವನ್ನು ಹೊರಗೆಳೆಯಲು ಇಂದು ಜಗತ್ತಿನ ಅನೇಕ ಆಸ್ಪತ್ರೆಗಳಲ್ಲಿ ಬಳಸುವುದು ಅಜ್ಮಲೀನನ್ನು. ಹಕೀಮರು ಸತ್ತು 65 ವರ್ಷಗಳ ನಂತರ ಹೆಸರು ಪಡೆದ ಕಾಯಿಲೆಗೆ ಅವರ ಹೆಸರಿನ ವಸ್ತು ಉಪಯೋಗಕ್ಕೆ ಬಂತು! ಇನ್ನು ಇಫ್ತಾರಿನ ಮೇಜಿನ ಮೇಲೆ ರೂಹ್ ಅಫ್ಝಾ ಬಾಟಲಿ ಇಡುವವರಲ್ಲಿ ಎಷ್ಟು ಮಂದಿಗೆ ಗೊತ್ತೋ: ಹಕೀಮ್ ಅಬ್ದುಲ್ ಹಮೀದ್ ಹಮ್‌ದರ್ದ್ ಕಂಪೆನಿಯನ್ನು 1948ರಲ್ಲಿ ವಕ್ಫ್ ಮಾಡಿದರು. ಅದರ ಲಾಭ ಆಸ್ಪತ್ರೆ, ವೈದ್ಯಕೀಯ ಇತಿಹಾಸ ಮತ್ತು ಸಂಶೋಧನಾ ಸಂಸ್ಥೆ, ಕೊನೆಗೆ 1989ರಲ್ಲಿ ವಿಶ್ವವಿದ್ಯಾಲಯದ ಮಟ್ಟಕ್ಕೇರಿದ ಜಾಮಿಯಾ ಹಮ್‌ದರ್ದ್ ಆಗಿ ಬೆಳೆಯಿತು. ನಮ್ಮ ರಾಜ್ಯದಲ್ಲಿ ಅಲ್ ಅಮೀನ್‌ನಂಥ ಸಂಸ್ಥೆಗಳು ಶಾಲೆ, ಕಾಲೇಜು, ವೈದ್ಯಕೀಯ ಕಾಲೇಜುಗಳನ್ನು ಕಟ್ಟಿವೆ. ಆದರೆ ಸಂಶೋಧನೆ ಎಂಬುದು ನಮ್ಮ ದಾನಿಗಳ ಪಟ್ಟಿಯಲ್ಲಿ ಇನ್ನೂ ಬರಬೇಕಿದೆ.

ಈಗ ಹೆಚ್ಚು ಕಷ್ಟದ ಪ್ರಶ್ನೆಗೆ ಬರೋಣ. ಯಾವ ರೋಗಕ್ಕೆ ಹಣ ಎಂದು ಯಾರು ತೀರ್ಮಾನಿಸಬೇಕು? ದೊರಾಬ್‌ಜಿಯ ದುಃಖ ಪ್ರಾಮಾಣಿಕವಾದದ್ದು. ಆದರೆ ಸಿರಿವಂತರ ದುಃಖವೇ ಸಂಶೋಧನೆಯ ದಿಕ್ಕನ್ನು ನಿರ್ಧರಿಸುವುದಾದರೆ, ಸಿರಿವಂತರಿಗೆ ಬಾರದ ಕಾಯಿಲೆಗಳ ಗತಿಯೇನು? ಇದಕ್ಕೆ ನಮ್ಮಲ್ಲೇ ಉದಾಹರಣೆಯಿದೆ, ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಹಿಂದೆಯೇ ಮನುಷ್ಯರು ಸತ್ತರು. ಉಣುಗಿನಿಂದ ಹರಡುವ ಆ ವೈರಸ್ಸನ್ನು ಪತ್ತೆ ಹಚ್ಚಿದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ. ಅದನ್ನು 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಜೊತೆ ಸೇರಿ ಕಟ್ಟಿದ್ದು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ. ದತ್ತಿಯ ಹಣ ನಮ್ಮ ಮಲೆನಾಡಿನ ಕಾಡಿಗೂ ಬಂದಿತ್ತು ಎಂದಾಯಿತು. ಆದರೆ ಆ ಮೇಲೆ? ಮೇಲೆ ಹೇಳಿದ ನಮ್ಮ ಹೆಬ್ಬಾಳದ ಪಶುವೈದ್ಯಕೀಯ ಜೈವಿಕ ಸಂಸ್ಥೆಯಲ್ಲೇ ತಯಾರಾಗುತ್ತಿದ್ದ ಹಳೆಯ ಲಸಿಕೆಯನ್ನು ದಶಕಗಳ ಕಾಲ ಮತ್ತೆ ಮತ್ತೆ ಚುಚ್ಚಿಸಿಕೊಳ್ಳಬೇಕಾಗಿತ್ತು, ಅದರ ಪರಿಣಾಮವೂ ಕುಗ್ಗುತ್ತಾ ಬಂತು. 2018-19ರಲ್ಲಿ ಸಾಗರ ತಾಲೂಕಿನ ಅರಳಗೋಡು ಸುತ್ತಮುತ್ತ ಸಾಲು ಸಾವುಗಳಾದವು. 2022ರಲ್ಲಿ ಆ ಲಸಿಕೆಯನ್ನೇ ನಿಲ್ಲಿಸಲಾಯಿತು. ಹೊಸ ಲಸಿಕೆಯ ಕೆಲಸ ಗಂಭೀರವಾಗಿ ಆರಂಭವಾದದ್ದು ಇತ್ತೀಚೆಗಷ್ಟೇ. ಅರುವತ್ತು ವರ್ಷಗಳಿಗೂ ಮೀರಿ ಕಾದವರು ಯಾರು? ತರಗೆಲೆ ಗುಡಿಸಲು, ಸೌದೆ ತರಲು ಕಾಡಿಗೆ ಹೋಗುವವರು. ಅವರಲ್ಲಿ ಯಾರ ಗಂಡನೂ ಹೆಂಡತಿಯ ಹೆಸರಿನಲ್ಲಿ ಟ್ರಸ್ಟ್ ಮಾಡುವ ಸ್ಥಿತಿಯಲ್ಲಿರಲಿಲ್ಲ.

ಹಣದ ಮೂಲದ ಪ್ರಶ್ನೆಯೂ ಸಣ್ಣದಲ್ಲ. ರಾಕ್‌ಫೆಲರ್ ಸಂಪತ್ತು ತೈಲದ ಏಕಸ್ವಾಮ್ಯದಿಂದ ಬಂದದ್ದು. ಆ ಕಂಪೆನಿಯನ್ನು 1911ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವೇ ಒಡೆಯಬೇಕಾಯಿತು. ಪ್ರತಿಷ್ಠಾನ ಹುಟ್ಟಿದ್ದು 1913ರಲ್ಲಿ. 1936ರಲ್ಲಿ ತೀರಿಕೊಂಡ ಔಷಧ ವ್ಯಾಪಾರಿ ಹೆನ್ರಿ ವೆಲ್‌ಕಮ್‌ನ ಉಯಿಲಿನಿಂದ ಹುಟ್ಟಿದ ಟ್ರಸ್ಟ್ ತಂಬಾಕಿನಲ್ಲಿ ಹಣ ತೊಡಗಿಸುವುದಿಲ್ಲ. ಆದರೆ ಪೆಟ್ರೋಲಿಯಂ ಕಂಪೆನಿಗಳಲ್ಲಿ ಹೂಡಿದ್ದಕ್ಕಾಗಿ 2015ರಲ್ಲಿ ಬ್ರಿಟನ್ನಿನಲ್ಲೇ ಟೀಕೆಗೆ ಗುರಿಯಾಯಿತು. ಗಾಳಿ ಕೆಡಿಸುವ ವ್ಯಾಪಾರದ ಲಾಭದಿಂದ ಶ್ವಾಸಕೋಶದ ಸಂಶೋಧನೆ ನಡೆಸಿದರೆ ಅದನ್ನು ಏನೆಂದು ಕರೆಯಬೇಕು? ದಾನ ಸಂಪತ್ತನ್ನು ಶುದ್ಧಗೊಳಿಸುತ್ತದೆ, ನಿಜ. ಆದರೆ ಅನ್ಯಾಯದ ಗಳಿಕೆಯನ್ನು ಹಾಗೆ ತೊಳೆದುಕೊಳ್ಳಲಾಗದು ಎಂಬುದು ನಮ್ಮ ಹಿರಿಯರ ನಿಲುವು. ಹಾಗೆಂದು ಪುಣೆಯ ಪ್ರಯೋಗಾಲಯವೇ ಬೇಡವಾಗಿತ್ತು ಎಂದು ಕ್ಯಾಸನೂರಿನವರಿಗೆ ಹೇಳುವ ಧೈರ್ಯ ನಮಗಂತೂ ಇಲ್ಲ.

ದಾನಿ ಎಂಬ ಪದವನ್ನೇ ನಾವು ತೀರಾ ಕಿರಿದಾಗಿ ಬಳಸುತ್ತಿದ್ದೇವೆ ಎಂದೂ ನಮಗನಿಸುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಇನ್ಫೋಸಿಸ್‌ನ ಕ್ರಿಸ್ ಗೋಪಾಲಕೃಷ್ಣನ್ ದಂಪತಿಯ ಪ್ರತೀಕ್ಷಾ ಟ್ರಸ್ಟ್ ಕೊಟ್ಟ 225 ಕೋಟಿ ರೂಪಾಯಿಯ ನೆರವಿನಿಂದ ಆರಂಭವಾಯಿತು. ವಯಸ್ಸಾದಂತೆ ನೆನಪು ಏಕೆ ಮಾಸುತ್ತದೆ ಎಂದು ತಿಳಿಯಲು ಅದು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ವರ್ಷ ಮೀರಿದ 10,000 ಜನರನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ಕೈಗೊಂಡಿದೆ. ಮಾವು ಬೆಳೆಯುವ ಆ ಊರುಗಳ ರೈತರು, ಕೂಲಿಗಳು, ಗೃಹಿಣಿಯರು ಕೆಲಸ ಬಿಟ್ಟು ಬಂದು ಪ್ರಶ್ನೆಗಳಿಗೆ ಉತ್ತರಿಸುತ್ತಾರೆ, ರಕ್ತ ಕೊಡುತ್ತಾರೆ, ಎಂಆರ್‌ಐ ಯಂತ್ರದೊಳಗೆ ಮಲಗುತ್ತಾರೆ. ಇದರ ಪೂರ್ಣ ಫಲ ಸಿಗುವ ಹೊತ್ತಿಗೆ ಅವರಲ್ಲಿ ಬಹಳ ಮಂದಿ ಇರಲಾರರು. ಅದೂ ಹುಟ್ಟದ ರೋಗಿಗೆ ಕೊಟ್ಟ ದಾನವೇ ಅಲ್ಲವೇ? 225 ಕೋಟಿ ಕೊಟ್ಟವರಿಗೆ ಎಷ್ಟು ಗೌರವ ಸಲ್ಲಬೇಕೋ ಒಂದು ಸಿರಿಂಜು ರಕ್ತ ಕೊಟ್ಟ ಅಜ್ಜಿಗೂ ಅಷ್ಟೇ ಸಲ್ಲಬೇಕು. ಗೌರವ ಎಂದರೆ ಶಾಲು, ಹಾರ ಅಲ್ಲ. ನಿಮ್ಮ ರಕ್ತದಿಂದ ನಾವು ತಿಳಿದುಕೊಂಡದ್ದು ಇದು ಎಂದು ಅವರ ಭಾಷೆಯಲ್ಲಿ ಅವರ ಜಗಲಿಯಲ್ಲಿ ಕುಳಿತು ಹೇಳುವುದು.

ಈ ಗೌರವ ತಪ್ಪಿದಾಗ ಏನಾಗುತ್ತದೆ ಎಂಬುದನ್ನೂ ಈ ದೇಶ ಕಂಡಿದೆ. 2009-10ರಲ್ಲಿ ಗೇಟ್ಸ್ ಪ್ರತಿಷ್ಠಾನದ ಹಣದಿಂದ ಅಮೆರಿಕದ ‘ಪಾಥ್’ ಎಂಬ ಸಂಸ್ಥೆ ಅಂದಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರ ಜಿಲ್ಲೆಗಳಲ್ಲಿ ಸಾವಿರಾರು ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆ ಕೊಡಿಸಿತು. ಖಮ್ಮಂನಲ್ಲಿ ಹಲವರು ಬುಡಕಟ್ಟಿನ ಹಾಸ್ಟೆಲ್ ಮಕ್ಕಳು. ತಂದೆತಾಯಿಯ ಬದಲು ಹಾಸ್ಟೆಲಿನ ವಾರ್ಡನ್ನುಗಳು ಒಪ್ಪಿಗೆಗೆ ಸಹಿ ಹಾಕಿದ್ದು ಬೆಳಕಿಗೆ ಬಂತು. ಏಳು ಹುಡುಗಿಯರ ಸಾವಿಗೂ ಲಸಿಕೆಗೂ ಸಂಬಂಧವಿದ್ದಂತಿಲ್ಲ ಎಂದು ವಿಚಾರಣಾ ಸಮಿತಿ ಹೇಳಿದರೂ 2010ರಲ್ಲಿ ಯೋಜನೆ ನಿಂತಿತು. 2013ರಲ್ಲಿ ಸಂಸದೀಯ ಸಮಿತಿ ಕಟುವಾಗಿ ಖಂಡಿಸಿತು. ಲಸಿಕೆ ಕೆಟ್ಟದ್ದಾಗಿರಲಿಲ್ಲ, ಕೇಳದೆ ಕೊಟ್ಟದ್ದು ಕೆಟ್ಟದ್ದು. ಆ ಅಪನಂಬಿಕೆಯ ಬೆಲೆ ತೆತ್ತವರು ಮತ್ತೆ ಬಡ ಹೆಂಗಸರೇ. ನಮ್ಮದೇ ದೇಶದಲ್ಲಿ ತಯಾರಾದ ಅದೇ ಬಗೆಯ ಲಸಿಕೆಗೆ ಪರವಾನಗಿ ಸಿಗಲು 2022 ಆಯಿತು. ಅದರ ತಯಾರಿಗೂ ಸರ್ಕಾರದ ಜೊತೆ ಗೇಟ್ಸ್ ಪ್ರತಿಷ್ಠಾನ ಹಣ ಕೊಟ್ಟಿತ್ತು ಎಂಬುದನ್ನು ಮರೆಮಾಚಬೇಕಾಗಿಲ್ಲ.

ಎಲ್ಲ ಕಡೆಯೂ ಹೀಗಿಲ್ಲ. ಇದೇ ಇಂಡಿಯಾ ಅಲಯನ್ಸ್‌ನ ಹಣದಿಂದ ಬೆಂಗಳೂರಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯೊಂದು ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟದ ಸೋಲಿಗರೂ ಸೇರಿದಂತೆ ಆದಿವಾಸಿಗಳಿಗೆ ಆರೋಗ್ಯಸೇವೆ ಏಕೆ ತಲುಪುವುದಿಲ್ಲ ಎಂಬುದನ್ನೇ ಸಂಶೋಧನೆಯ ವಿಷಯ ಮಾಡಿಕೊಂಡಿತು. ಅಲ್ಲಿ ಪ್ರಶ್ನೆ ಹುಟ್ಟಿದ್ದು ಸೂಕ್ಷ್ಮದರ್ಶಕದ ಕೆಳಗಲ್ಲ, ಕಾಡಿನ ಹಾಡಿಯಲ್ಲಿ. ಜೀವಕೋಶವನ್ನು ನೋಡುವ ವಿಜ್ಞಾನಕ್ಕೆ ಕೊಡುವ ಸಮಿತಿಯೇ ಇದಕ್ಕೂ ಕೊಟ್ಟಿತು. ಅರ್ಜಿ ಬಂದರೆ ಕೊಡಲು ಸಾಧ್ಯವಿದೆ. ಆದರೆ ಅರ್ಜಿ ಬರೆಯುವ ಭಾಷೆ ಇಂಗ್ಲಿಷ್, ಅದನ್ನು ತೂಗುವವರು ದೂರದವರು. ಸೋಲಿಗರ ಪ್ರಶ್ನೆಯನ್ನು ಆ ಭಾಷೆಗೆ ತರುವ ಒಬ್ಬ ವೈದ್ಯ ಕಾಡಿನಲ್ಲಿ ವರ್ಷಗಟ್ಟಲೆ ಇದ್ದರೆ ಮಾತ್ರ ಅದು ಮೇಜಿನವರೆಗೆ ಹೋದೀತು.

ಬಾಗಲೂರಿನ ದಾರಿಯಲ್ಲಿ ಅಂಥ ಪ್ರಶ್ನೆಗಳಿಗೇನೂ ಬರವಿಲ್ಲ. ನಮ್ಮ ಸುತ್ತಲಿನ ಮಸೀದಿ, ದೇವಸ್ಥಾನ, ಚರ್ಚುಗಳ ಹಣಪೆಟ್ಟಿಗೆಗಳಿಂದ, ಝಕಾತಿನ ಒಂದು ಕಾಸನ್ನೂ ಮುಟ್ಟದೆ, ಬೇರೆಯಾಗಿ ಒಂದು ಸಣ್ಣ ನಿಧಿ ಕೂಡಿಸಿ, ಅದರ ಬಡ್ಡಿಯಲ್ಲದ ಆದಾಯದಿಂದ ಒಬ್ಬ ವಿದ್ಯಾರ್ಥಿನಿಗೆ ಎರಡು ಮೂರು ವರ್ಷ ನೆರವು ಕೊಡಲಾರೆವೇ? ಒಂದು ಅಂಗಡಿಯ ಬಾಡಿಗೆ ಅದಕ್ಕೆ ಸಾಕಾದೀತು. ಆಯ್ಕೆ ಮಾಡುವ ಸಮಿತಿಯಲ್ಲಿ ಜಿಕೆವಿಕೆ ಕಡೆಯ ಒಬ್ಬ ವಿಜ್ಞಾನಿ ಇರಲಿ, ಬೆಳ್ಳಹಳ್ಳಿ ಕಡೆಯ ಒಬ್ಬ ತಾಯಿಯೂ ಇರಲಿ. ಅರ್ಜಿ ಕನ್ನಡದಲ್ಲಿರಲಿ. ಕ್ವಾರಿಗೆ ಕಸ ಬೀಳತೊಡಗಿದಂದಿನಿಂದ ವಾಸನೆ, ನೊಣ, ಬಾವಿ ನೀರು ಎಂದು ಆ ಊರುಗಳ ಜನ ದೂರುತ್ತಲೇ ಬಂದಿದ್ದಾರೆ. ಆ ತಾಯಿ ಮೊದಲ ಸಭೆಯಲ್ಲಿ ಕೇಳಬಹುದಾದ ಪ್ರಶ್ನೆಯನ್ನು ನಾವು ಊಹಿಸಬಲ್ಲೆವು: ಮಗುವಿನ ಕೆಮ್ಮು ಮಳೆಗಾಲದಲ್ಲಿ ಏಕೆ ಹೆಚ್ಚುತ್ತದೆ, ಅಜ್ಜಿಯ ಊರಿಗೆ ಹೋದರೆ ಎಂಟು ದಿನದಲ್ಲಿ ಏಕೆ ನಿಲ್ಲುತ್ತದೆ?